ತೋಟಕ್ಕೆ ಕೋವಿಯೋ, ಸೋಲಾರ್ ಬೇಲಿಯೋ?

ಶಿರಸಿ, ಸಿದ್ದಾಪುರದ ಕಡೆ ಅಡಿಕೆ ತೋಟ, ಗದ್ದೆ ಇದ್ದವರು ಹಂದಿ ಕಾಟಕ್ಕೆ ಮೊದಲು ನೆನೆಯುವುದು ಬೆಳೆ ರಕ್ಷಣೆಯ ಕೋವಿ.

ಆದರೆ ಪರವಾನಗಿ ಸಿಕ್ಕಿದರೂ ಹಂದಿಗೆ ಗುಂಡು ಹೊಡೆಯುವ ಹಕ್ಕು ಸಿಗುವುದಿಲ್ಲ. ಅದಕ್ಕೆ 1972ರ ವನ್ಯಜೀವಿ ಕಾಯ್ದೆಯಡಿ ಅರಣ್ಯ ಇಲಾಖೆಯ ಅನುಮತಿ ಬೇರೆಯೇ ಬೇಕು. ಹಾಗಾಗಿ ಕೋವಿಯ ಕೆಲಸ ಹೆಚ್ಚೆಂದರೆ ಗಾಳಿಯಲ್ಲಿ ಸದ್ದು ಮಾಡುವುದು. ಕೋವಿ ಪರವಾನಗಿಯ ಅರ್ಜಿ ಕಾರವಾರದ ಜಿಲ್ಲಾಧಿಕಾರಿ ಕಚೇರಿಗೆ. ಪೊಲೀಸ್ ವರದಿ ಬೇಕು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ 5 ವರ್ಷ, ಒಬ್ಬರಿಗೆ ಗರಿಷ್ಠ 2 ಕೋವಿ. ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡಗಿನ ಕೊಡವರಿಗಿರುವ ವಿನಾಯಿತಿ ನಮಗಿಲ್ಲ. ಚುನಾವಣೆ ಬಂದರೆ ಸಾಮಾನ್ಯವಾಗಿ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಾಗುತ್ತದೆ, ಅದು ವಾಪಸ್ ಬರಲೆಂದು ಹಂದಿ ಕಾಯುವುದಿಲ್ಲ. ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯಾದರೆ ಮಳೆಗಾಲದಲ್ಲಿ ಮದ್ದು ತೇವ ಹಿಡಿದು ಹೊಡೆತ ತಪ್ಪುತ್ತದೆ. ತುಂಬಿಟ್ಟ ಕೋವಿ ಮನೆಯೊಳಗಿದ್ದರೆ ಮಕ್ಕಳ ಜೀವಕ್ಕೇ ಅಪಾಯ.

ಸೋಲಾರ್ ಬೇಲಿ ರಾತ್ರಿಯಿಡೀ ಎಚ್ಚರವಿರುತ್ತದೆ. 12 ವೋಲ್ಟ್ ಬ್ಯಾಟರಿಯಿಂದ ಯಂತ್ರ ಸುಮಾರು ಸೆಕೆಂಡಿಗೊಮ್ಮೆ ತಂತಿಗೆ ಕ್ಷಣಮಾತ್ರದ ವಿದ್ಯುತ್ ಹೊಡೆತ ಕೊಡುತ್ತದೆ; ನೋವಾಗುತ್ತದೆ, ಜೀವ ಹೋಗುವುದಿಲ್ಲ. ಹಂದಿಗೆ ಕೆಳಗಿನ ತಂತಿ ನೆಲದಿಂದ 20–25 ಸೆಂ.ಮೀ. ಎತ್ತರದಲ್ಲಿರಲಿ. ಬೇಲಿ ಸೋಲುವುದು ಹುಲ್ಲಿನಿಂದ: ಜೂನ್‌ನಿಂದ ಬಳ್ಳಿ ತಂತಿಗೆ ತಾಗಿ ಶಕ್ತಿ ನೆಲಕ್ಕೆ ಸೋರುತ್ತದೆ, ವಾರಕ್ಕೊಮ್ಮೆ ಸವರಲೇಬೇಕು. ಬೇಸಿಗೆಯಲ್ಲಿ ಅರ್ಥಿಂಗ್ (ಯಂತ್ರವನ್ನು ನೆಲಕ್ಕೆ ಜೋಡಿಸುವ ಸರಳು) ಸುತ್ತಲಿನ ಮಣ್ಣು ಒಣಗುತ್ತದೆ, ನೀರು ಹಾಕಿ. ಮನೆಯ 230 ವೋಲ್ಟ್ ತಂತಿಯನ್ನು ಮಾತ್ರ ಎಂದೂ ಬೇಲಿಗೆ ಕೊಡಬೇಡಿ. ಅದು ಕೊಲೆಗೆ ಸಮ.

ಮಂಗಕ್ಕೆ ಬೇಲಿ ಸಾಲದು, ಮರದಿಂದ ಮರಕ್ಕೆ ಹಾರಿ ಬರುತ್ತದೆ. ಹಂದಿಯೇ ಮುಖ್ಯ ಕಾಟವಾದರೆ ಬೇಲಿಗೇ ಹಣ ಹಾಕಿ.