ಮಗುವಿನ ಕಸ್ಟಡಿಗೆ ಉಚಿತ ಕಾನೂನು ನೆರವು: ಕೊಡಗಿನಲ್ಲಿ ಎಷ್ಟು ಉಪಯೋಗ?

ಗಂಡ ಹೆಂಡತಿ ಬೇರೆಯಾಗಿ, ಮಗು ಯಾರ ಬಳಿ ಇರಬೇಕೆಂದು ಕೋರ್ಟಿಗೆ ಹೋಗುವವರಿಗೆ ಕಾನೂನು ಸೇವೆಗಳ ಪ್ರಾಧಿಕಾರ ಕೊಡುವ ಉಚಿತ ವಕೀಲರ ನೆರವನ್ನು ಧೈರ್ಯವಾಗಿ ಶಿಫಾರಸು ಮಾಡಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರಿಗೆ, ಮಕ್ಕಳಿಗೆ ಆದಾಯ ಮಿತಿ ಇಲ್ಲ. ಕೇಳಿ ತಿಳಿಯಲು 15100ಕ್ಕೆ ಕರೆ ಮಾಡಿದರಾಯಿತು.

ಅರ್ಜಿ ಎಡವುವುದು ವಿಳಾಸದಲ್ಲಿ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಮಗು ಸಾಮಾನ್ಯವಾಗಿ ವಾಸವಿರುವ ಜಾಗದ ಕೋರ್ಟಿನಲ್ಲೇ ಕೇಸು ಹಾಕಬೇಕು. ತಾಯಿ ಮಗುವನ್ನು ಕರೆದುಕೊಂಡು ಪಕ್ಕದ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದ ತವರಿಗೆ ಹೋಗಿದ್ದರೆ ತಕರಾರು ಅಲ್ಲಿಂದಲೇ ಶುರು. ಶಾಲೆಯ ದಾಖಲಾತಿ ಪತ್ರ, ಅಂಗನವಾಡಿ ನೋಂದಣಿ ಮೊದಲೇ ಜೋಡಿಸಿಡಿ. ಹಿಂದೂ ವಿವಾಹ ಕಾಯ್ದೆಯ 26ನೇ ಕಲಂ ಅಡಿ ಮಗುವಿನ ಪೋಷಣೆ, ಓದಿನ ಖರ್ಚಿನ ಮಧ್ಯಂತರ ಅರ್ಜಿ ಸಾಧ್ಯವಾದಷ್ಟೂ 60 ದಿನದಲ್ಲಿ ಮುಗಿಯಬೇಕು. ಆದರೆ ಆ ಎಣಿಕೆ ನೋಟಿಸ್ ಜಾರಿಯಾದ ದಿನದಿಂದ. ತೋಟದ ಲೈನ್ ಮನೆಗೆ (ಕಾರ್ಮಿಕರ ಸಾಲುಮನೆಗೆ) ಕಳಿಸಿದ ನೋಟಿಸ್ ವಾಪಸ್ ಬಂದರೆ ದಿನ ಎಣಿಕೆಯೇ ಶುರುವಾಗದು. ಎಸ್ಟೇಟಿನ ಹೆಸರು, ಲೈನ್ ನಂಬರ್, ಅಂಚೆ ಕಚೇರಿ ಮೂರನ್ನೂ ಬರೆಸಿ.

ಮಧ್ಯಸ್ಥಿಕೆಯಲ್ಲಿ ಮುಗಿಯುವಂತಿದ್ದರೆ ಅಲ್ಲೇ ಮುಗಿಸಿ. ಹೊಡೆತ, ಬೆದರಿಕೆ ಇರುವ ಮನೆಗಳಿಗೆ ಮಾತ್ರ ಈ ಮಾತು ಅನ್ವಯಿಸದು. ಒಪ್ಪಂದದಲ್ಲಿ ‘ಪ್ರತಿ ಭಾನುವಾರ ಭೇಟಿ’ ಎಂದಷ್ಟೇ ಬರೆಸಿದರೆ ಜುಲೈ ಮಳೆಗೆ ಅದು ಮುರಿಯುತ್ತದೆ. ಗುಡ್ಡ ಕುಸಿದು ಬಸ್ ಬರದ ದಿನ ಏನು? ವಿಡಿಯೊ ಕರೆ, ಮುಂದಿನ ವಾರ ಬದಲಿ ದಿನ ಎಂದು ಬರೆಸಿ. ಕಾಫಿ ಕುಯ್ಲಿನ ತಿಂಗಳಿಗೆ ಬೇರೆ ಸಮಯ ಇರಲಿ. ಪುತ್ತರಿಗೆ ಮಗು ಯಾವ ಮನೆಯಲ್ಲಿ, ಕೈಲ್‌ಪೊಳ್ದ್‌ಗೆ ಯಾವ ಮನೆಯಲ್ಲಿ ಎನ್ನುವುದೂ ಬೇಕು. ಹಬ್ಬದ ಹಿಂದಿನ ರಾತ್ರಿ ಫೋನಿನಲ್ಲಿ ಜಗಳವಾದರೆ ಅದನ್ನು ಕೇಳಿಸಿಕೊಳ್ಳುವುದು ಮಗು.

ಸೇವೆಯ ದೊಡ್ಡ ಕೊರತೆ ಆದೇಶವಾದ ಮೇಲಿನದು. ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಗ್ರಿಡ್‌ನಲ್ಲಿ ಎಷ್ಟು ಕೇಸು ಬಾಕಿ, ಎಷ್ಟು ಇತ್ಯರ್ಥ ಎಂದು ಸಿಗುತ್ತದೆ. ಮಗುವಿಗೆ ಏನಾಯಿತೆಂದು ಸಿಗುವುದಿಲ್ಲ. ಇಂಗ್ಲೆಂಡಿನಲ್ಲಿ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಮಕ್ಕಳ ರಕ್ಷಣೆಯ ಕೋರ್ಟ್ ದಾಖಲೆಗಳನ್ನೇ ಎಣಿಸಿ 2018ರಲ್ಲಿ ಪ್ರಕಟಿಸಿದರು: ಹೆತ್ತವರ ಬಳಿ ಬಿಡಬಹುದೇ ಎಂಬ ಪ್ರಕರಣದಲ್ಲಿ ಹುಟ್ಟಿದ ಮೊದಲ ವಾರದಲ್ಲೇ ಕೋರ್ಟ್ ಮೆಟ್ಟಿಲು ಕಂಡ ಶಿಶುಗಳು 2007-08ರಲ್ಲಿ 1,039, 2016-17ರಲ್ಲಿ 2,447. ಎಣಿಸಿದ ಮೇಲೆಯೇ ಗರ್ಭಿಣಿಯರಿಗೆ ಮೊದಲೇ ಏಕೆ ನೆರವು ಸಿಗುತ್ತಿಲ್ಲ ಎಂಬ ಪ್ರಶ್ನೆಗೆ ಬಲ ಬಂತು.

ಕೊಡಗಿನಷ್ಟು ಚಿಕ್ಕ ಜಿಲ್ಲೆಯಲ್ಲಿ ಇದಕ್ಕೆ ಒಂದು ರಿಜಿಸ್ಟರ್ ಸಾಕು. ಆದೇಶವಾಗಿ ಆರು ತಿಂಗಳಿಗೆ ಪ್ಯಾರಾ ಲೀಗಲ್ ಸ್ವಯಂಸೇವಕರು (ಪ್ರಾಧಿಕಾರ ತರಬೇತಿ ಕೊಟ್ಟ, ವಕೀಲರಲ್ಲದ ಸಹಾಯಕರು) ಮಗುವಿನ ಹೆಸರಿಲ್ಲದೆ ನಾಲ್ಕು ಸಂಗತಿ ಬರೆದುಕೊಳ್ಳಲಿ: ಮಗು ಶಾಲೆ ಬದಲಿಸಿತೇ, ಭೇಟಿ ಎಷ್ಟು ಸಲ ತಪ್ಪಿತು, ಏಕೆ ತಪ್ಪಿತು, ಜೀವನಾಂಶ ಕೈಗೆ ಬಂತೇ.