ಫ್ಯಾಂಟಸಿ ಫುಟ್‌ಬಾಲ್ ಪ್ಲೇಆಫ್ ಟೈ ಆದರೆ: ಸೀಡ್ ನೋಡಬೇಕಾ, ಬೆಂಚ್ ಅಂಕವಾ?

ಎನ್‌ಎಫ್‌ಎಲ್ ಫ್ಯಾಂಟಸಿ ಲೀಗ್‌ನ (ಅಮೆರಿಕನ್ ಫುಟ್‌ಬಾಲ್‌ನ ನಿಜ ಆಟಗಾರರನ್ನು ಆರಿಸಿ ತಂಡ ಕಟ್ಟಿ, ಅವರ ಆಟಕ್ಕೆ ಅಂಕ ಎಣಿಸುವ ಆಟ) ಪ್ಲೇಆಫ್‌ನಲ್ಲಿ, ಅಂದರೆ ಸೀಸನ್ ಕೊನೆಯ ನಾಕೌಟ್ ಸುತ್ತಿನಲ್ಲಿ, ಟೈ ಬಿಡಿಸಲು ಯಾವ ನಿಯಮ ಇಡಲಿ ಎಂದು ಕೇಳಿದ್ದೀರಿ. ಮೇಲಿನ ಸೀಡ್ (ಸೀಸನ್ ಫಲಿತಾಂಶದಿಂದ ಸಿಕ್ಕ ಶ್ರೇಯಾಂಕ) ತಂಡವನ್ನು ಗೆಲ್ಲಿಸುವುದು ಒಂದು ದಾರಿ. ಬೆಂಚ್‌ನಲ್ಲಿದ್ದ, ಅಂದರೆ ತಂಡದಲ್ಲಿದ್ದರೂ ಆ ವಾರ ಅಂಕಕ್ಕೆ ಲೆಕ್ಕ ಹಿಡಿಯದ, ಆಟಗಾರರ ಅಂಕ ಕೂಡಿಸುವುದು ಇನ್ನೊಂದು.

ನ್ಯಾಯದ ವಿಷಯದಲ್ಲಿ ನನ್ನ ಒಲವು ಸೀಡ್ ಕಡೆಗೆ. ಇಡೀ ಸೀಸನ್ ಚೆನ್ನಾಗಿ ಆಡಿದವರಿಗೆ ಏನಾದರೂ ಸಿಗಬೇಕು, ಅಲ್ವಾ? ಆದರೆ ಫೈನಲ್‌ಗೆ ಇದು ಸಪ್ಪೆ. ಅಲ್ಲಿ ಆ ವಾರದ ಆಟವೇ ತೀರ್ಪು ಕೊಡಲಿ ಅನ್ನಿಸುವವರಿಗೆ ಬೆಂಚ್ ಅಂಕ ಸರಿ. ಅದರ ತೊಂದರೆಯೂ ದೊಡ್ಡದೇ: ಚೆನ್ನಾಗಿ ಆಡಿದವನನ್ನು ಹೊರಗೆ ಕೂರಿಸಿದ್ದವರಿಗೇ ಲಾಭ. ಬೆಂಚ್ ತುಂಬಾ ಗಾಯಾಳುಗಳಿದ್ದರೆ ಸುಮ್ನೆ ಸೋಲು.

ಸುಲಭ ಅಂದರೆ ಸೀಡ್. ಲೆಕ್ಕವೇ ಬೇಡ.

ಟೈ ಆಗುವುದೇ ಬೇಡ ಅನ್ನುವವರಿಗೆ ದಶಮಾಂಶ ಅಂಕ ಇದೆ. 10 ಗಜದ ಓಟಕ್ಕೆ 1 ಅಂಕದ ಬದಲು ಪ್ರತಿ ಗಜಕ್ಕೆ 0.1 ಕೊಡಿ. ಆಗ 67 ಗಜಕ್ಕೆ 6 ಅಲ್ಲ, 6.7 ಸಿಗುತ್ತದೆ. ಟೈ ತೀರಾ ಅಪರೂಪವಾಗುತ್ತದೆ. ಆದರೂ ಆಗಬಹುದು, ಹಾಗಾಗಿ ಮೇಲಿನ ಎರಡರಲ್ಲಿ ಒಂದನ್ನು ಡ್ರಾಫ್ಟ್‌ಗೆ (ಸೀಸನ್‌ಗೆ ಮುಂಚೆ ಆಟಗಾರರನ್ನು ಆರಿಸಿಕೊಳ್ಳುವುದು) ಮೊದಲೇ ಬರೆದಿಡಿ. ವಾರದ ಸುತ್ತು ಮುಗಿಸುವ ಸೋಮವಾರದ ಪಂದ್ಯ ಮುಗಿದ ತಕ್ಷಣ ಫಲಿತಾಂಶ ಹೇಳಬೇಡಿ. ಅಂಕಿಅಂಶದ ತಿದ್ದುಪಡಿ ಆಮೇಲೂ ಬರುತ್ತದೆ.