ಓದಿನ ಸವಾಲು ಅಳೆಯಲು: ಸಿದ್ಧ ಸಮೀಕ್ಷೆಯೋ, ನಿಮ್ಮದೇ ಪ್ರಶ್ನೆಗಳೋ, ಮಾತುಕತೆಯೋ?

ವಿದ್ಯಾರ್ಥಿಗಳಿಗೆ ಓದು ಎಷ್ಟು ಸವಾಲೆನಿಸುತ್ತಿದೆ ಎಂದು ತಿಳಿದು ಏನು ಮಾಡಬೇಕೆಂದಿದ್ದೀರಿ? ಆಯ್ಕೆ ನಿಂತಿರುವುದು ಅದರ ಮೇಲೆ.

ಬೇರೆ ವಿಶ್ವವಿದ್ಯಾಲಯಗಳ ಜೊತೆ ಹೋಲಿಸಬೇಕಾದರೆ ಸಿದ್ಧ ಸಮೀಕ್ಷೆಯೇ ಸರಿ. ಅಮೆರಿಕದಲ್ಲಿ 2000ರಿಂದ ನಡೆಯುತ್ತಿರುವ, ವಿದ್ಯಾರ್ಥಿಗಳು ಓದಿನಲ್ಲಿ ಎಷ್ಟು ತೊಡಗಿದ್ದಾರೆ ಎಂದು ಅಳೆಯುವ ರಾಷ್ಟ್ರೀಯ ಸಮೀಕ್ಷೆ ಎನ್‌ಎಸ್‌ಎಸ್‌ಇ ಮೊದಲ ಮತ್ತು ಕೊನೆಯ ವರ್ಷದವರನ್ನು ಕೇಳುತ್ತದೆ. ಕೈಲಾದಷ್ಟೂ ಚೆನ್ನಾಗಿ ಕೆಲಸ ಮಾಡುವಂತೆ ಕೋರ್ಸ್‌ಗಳು ಎಷ್ಟು ಸವಾಲೊಡ್ಡಿದವು ಎಂಬುದಕ್ಕೆ 1ರಿಂದ 7ರವರೆಗೆ ಅಂಕ. ಕಲಿತದ್ದನ್ನು ಹೊಸ ಸಮಸ್ಯೆಗೆ ಅನ್ವಯಿಸಲು ಎಷ್ಟು ಒತ್ತು ಇತ್ತು ಅಂತಲೂ ಕೇಳುತ್ತದೆ. ಆದರೆ ಶುಲ್ಕ ಕಟ್ಟಬೇಕು. ಯಾವ ಕೋರ್ಸ್ ಸಪ್ಪೆ ಅನ್ನೋದು ಅದರಲ್ಲಿ ಸಿಗುವುದಿಲ್ಲ.

ಒಂದೇ ಕೋರ್ಸ್ ತಿದ್ದಬೇಕಾದರೆ ನಿಮ್ಮದೇ ನಾಲ್ಕೈದು ಪ್ರಶ್ನೆ ಸಾಕು. ಖರ್ಚಿಲ್ಲ, ಸೆಮಿಸ್ಟರ್ ಮಧ್ಯದಲ್ಲೇ ಕೇಳಬಹುದು. ಇಲ್ಲಿ ಪ್ರಶ್ನೆಯ ಮಾತೇ ಮುಖ್ಯ. ಸುಮ್ನೆ 'ಕಷ್ಟವಾಯಿತಾ?' ಅಂತ ಕೇಳಬೇಡಿ. ಪಾಠ ಅರ್ಥವಾಗದಿದ್ದರೂ ಕಷ್ಟವೇ ಅಲ್ವಾ? 'ಎಷ್ಟು ಯೋಚಿಸಬೇಕಾಯಿತು', 'ಏನು ಮಾಡಬೇಕೆಂದು ತಿಳಿಯದೆ ಎಷ್ಟು ಸಲ ನಿಂತಿರಿ' ಎಂದು ಬೇರೆಬೇರೆ ಕೇಳಿ. ಮೊದಲನೆಯದು ಸವಾಲು, ಎರಡನೆಯದು ಗೊಂದಲ. ಹೆಸರು ಬರೆಸಬೇಡಿ.

ಅಂಕಿ ಬಂದಿದೆ, ಕಾರಣ ಹೊಳೆಯುತ್ತಿಲ್ಲ ಅನ್ನುವಾಗ ಆರೆಂಟು ಜನರನ್ನು ಕೂರಿಸಿ ಮಾತಾಡಿಸಿ. ಸಮಯ ಜಾಸ್ತಿ ಬೇಕು, ಮಾತುಗಾರರೇ ಮುಂದಾಗುತ್ತಾರೆ. ಪಾಠ ಮಾಡುವವರು ಅಲ್ಲಿ ಇರದಿದ್ದರೆ ಒಳ್ಳೆಯದು.